ಬೆನ್ನ ಮೇಲಿನ ಹೆಸರು

ಲಾಂಡ್ರಿಯ ಹಿಂದಿನ ಕೋಣೆಯಿಂದ
ಜೂನ್ ೮, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಸೊಂಟನೋವು ಹೇಗಿದೆ? ಆಸ್ಪತ್ರೆಯವರು ಕೂತು ಮಾಡುವ ಕೆಲಸ ಕೊಟ್ಟರೋ, ಇಲ್ಲಾ ಇನ್ನೂ ನಿಂತೇ ಇದ್ದೀಯೋ? ಭಾವನ ಗೊರಕೆ ಕಡಿಮೆಯಾಗಿದ್ದರೆ ಅದೇ ದೊಡ್ಡ ಸುದ್ದಿ. ನಾನು ಚೆನ್ನಾಗಿದ್ದೇನೆ. ಅಮ್ಮ ಮಾತ್ರ ತಟ್ಟೆ ಕುಕ್ಕಿ ಇಡುತ್ತಿದ್ದಾಳೆ. ನೀನು ಕೊಡಿಸಿದ ಕೆಲಸ ಉಳಿಯುವ ಹಾಗೆ ಕಾಣುತ್ತಿಲ್ಲ. ಅವಳು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ನಮ್ಮ ಬೀದಿಯ ಗ್ರಂಥಾಲಯ ಒಡೆದು ಕಾರು ನಿಲ್ಲಿಸುವ ಜಾಗ ಮಾಡಲು ನಗರಸಭೆ ಹೊರಟಿದೆ. ಅದರ ವಿರುದ್ಧ ಕಳೆದ ವಾರ ಸಭೆ ಇತ್ತು. ಶಾಲೆ ಬಿಟ್ಟವನಿಗೆ ಪುಸ್ತಕದ ಉಸಾಬರಿ ಯಾಕೆ ಎಂದು ನಗಬೇಡ. ಶಾಲೆ ಬಿಟ್ಟಮೇಲೆ "ಏನೋ ಮಾಡ್ತಿದ್ದೀಯ ಇಲ್ಲಿ" ಅನ್ನದೆ ನನ್ನನ್ನು ಕೂರಲು ಬಿಟ್ಟ ಜಾಗ ಅದೊಂದೇ. ಕೆಲಸ ಮುಗಿಸಿ ನೇರವಾಗಿ ಹೋದೆ. ಯಾರೋ ಮೈಕು ಕೈಗಿಟ್ಟರು. "ಈ ಸಲವೂ ನಮ್ಮ ಸದಸ್ಯರಿಗೇ ಓಟು ಹಾಕಿದ್ರೆ ನಮ್ಮ ಕೈ ನಾವೇ ಕಡ್ಕೊಂಡ ಹಾಗೆ" ಎಂದೆ. ಮೈಮೇಲೆ ಲಾಂಡ್ರಿಯ ಅಂಗಿ. ಬೆನ್ನಿಗೆ ಅಂಗಡಿಯ ಹೆಸರು, ಅಂಗೈ ಅಗಲದ ಅಕ್ಷರ. ಫೋಟೋ ತೆಗೆದ ಪುಣ್ಯಾತ್ಮ ನನ್ನ ಹಿಂದೆ ನಿಂತಿದ್ದ. ಊರಿಡೀ ಮೊಬೈಲಿನಲ್ಲಿ ಓಡಾಡಿದ ಆ ಫೋಟೋದಲ್ಲಿ ನನ್ನ ಮುಖ ಕಾಣುವುದಿಲ್ಲ, ಅಂಗಡಿಯ ಹೆಸರು ಕಾಣುತ್ತದೆ.

ಮರುದಿನ, ದಿನಾ ನಮಗೇ ಬಟ್ಟೆ ಕಳಿಸುತ್ತಿದ್ದ ನಗರಸಭಾ ಸದಸ್ಯರ ಭಾವಮೈದುನನ ಹೋಟೆಲಿನಿಂದ ಒಗೆಯಲು ಒಂದು ದಿಂಬಿನ ಚೀಲವೂ ಬರಲಿಲ್ಲ. ಯಜಮಾನಿ ಕೂಗಾಡಲಿಲ್ಲ. "ಬಾಯಿ ನಿಂದು ಕಣೋ, ಬೆನ್ನು ನಂದು. ಮಾತಾಡೋಕೆ ಹೋಗೋವಾಗ ಅಂಗಿ ಬಿಚ್ಚಿಟ್ಟು ಹೋಗು" ಎಂದರು. ಸದಸ್ಯರ ಕಡೆಯವನಾದ ಇಸ್ತ್ರಿ ಮಾಮ, "ಬಿಚ್ಚಿದ್ರೆ ಬನಿಯನ್ನಿನ ತೂತು ಭಾಷಣ ಮಾಡುತ್ತೆ" ಎಂದು ನಕ್ಕ. ಯಜಮಾನಿಯ ಮಾತು ನನಗೆ ನ್ಯಾಯ ಅನ್ನಿಸಿತು. "ಹುಡುಗ ಆಡಿದ್ದು ಅವನ ಮಾತು, ಅಂಗಡಿಯದಲ್ಲ" ಎಂದು ಬರೆದು ಬಾಗಿಲಿಗೆ ನಾನೇ ಅಂಟಿಸಿದೆ.

ಎಡವಟ್ಟಾದದ್ದು ಆಮೇಲೆ. ನನ್ನ ಮಾತು ಮೆಚ್ಚಿದವರು ಗಂಟುಗಟ್ಟಲೆ ಬಟ್ಟೆ ಹೊತ್ತು ಬಂದರು. "ಧೈರ್ಯ ಇರೋ ಅಂಗಡಿ ಅಂದ್ರೆ ಇದು!" ಯಜಮಾನಿ ಬಾಗಿಲ ಚೀಟಿಯನ್ನು ಮೆಲ್ಲಗೆ ಕಿತ್ತು ಕಿಸೆಗೆ ಹಾಕಿಕೊಂಡರು. ನನಗೆ ತಡೆಯಲಾಗಲಿಲ್ಲ. ಬೈಗುಳದಲ್ಲಿ ಪಾಲು ಬೇಡ ಅಂದವರಿಗೆ ಹೊಗಳಿಕೆಯಲ್ಲಿ ಪಾಲು ಹೇಗೆ? "ಅದು ನನ್ನ ಮಾತು, ಇವರು ಏನೂ ಅಂದಿಲ್ಲ. ಅದಕ್ಕೇ ಬಂದಿದ್ರೆ ಗಂಟು ವಾಪಸ್ ತಗೊಂಡು ಹೋಗಿ" ಎಂದೆ. ಅರ್ಧಕ್ಕರ್ಧ ಜನ ಹೋಗಿಯೇಬಿಟ್ಟರು, ಅಕ್ಕಾ! ಯಜಮಾನಿ ನೋಡಿದ ನೋಟಕ್ಕೆ ಒದ್ದೆ ಬಟ್ಟೆಯೂ ಒಣಗುತ್ತಿತ್ತು. "ಇದ್ದ ಗಿರಾಕೀನೂ ಕಳೆದೆ, ಬಂದ ಗಿರಾಕೀನೂ ಓಡಿಸ್ದೆ. ನಿನ್ನನ್ನ ಏನ್ ಮಾಡ್ಲೋ ನಾನು?" ಇಸ್ತ್ರಿ ಮಾಮ ತಲೆ ಎತ್ತದೆ, "ಹುಡುಗ ಹೇಳಿದ್ದು ಸುಳ್ಳಲ್ವಲ್ಲಾ" ಎಂದ. ಓಟು ಮಾತ್ರ ಆ ಕಡೆಗೇ ಹಾಕುತ್ತಾನಂತೆ. ಹಾಕಲಿ.

ಭಾವನಿಗೆ ನಮಸ್ಕಾರ. ಪುಟ್ಟಿಯ ಕೆನ್ನೆಯನ್ನು ನನ್ನ ಪರವಾಗಿ ಒಂದು ಸಲ ಹಿಂಡು.

ಒಂದು ಕಡೆ ನಿಲ್ಲಲಾರದ ನಿನ್ನ ತಮ್ಮ,
ಬುಗುರಿ

ಹಾಂ, ಇನ್ನೊಂದು: "ನನ್ನ ತಮ್ಮ ಅಂದ್ರೆ ನಾನೇ ಅಂತ ತಿಳ್ಕೊಳ್ಳಿ" ಎಂದು ನೀನು ಹೇಳಿದ್ದಕ್ಕೇ ಯಜಮಾನಿ ನನ್ನನ್ನು ಸೇರಿಸಿಕೊಂಡದ್ದು. ಈ ವಾರ ನಿನಗೆ ಫೋನ್ ಮಾಡುತ್ತಾರೆ. ನನ್ನ ಪರವಾಗಿ ನೀನು ತಪ್ಪಾಯಿತು ಅಂದರೆ ಇಟ್ಟುಕೊಳ್ಳುತ್ತಾರಂತೆ. ಕೆಲಸ ನನಗೆ ಬೇಕು, ಸುಳ್ಳು ಯಾಕೆ ಹೇಳಲಿ. ಆದರೂ ತಪ್ಪಾಯಿತು ಅನ್ನಬೇಡ. ನನ್ನ ಮಾತು ಅಂಗಡಿಯದಲ್ಲ ಅಂದಮೇಲೆ ಅಕ್ಕನದೂ ಅಲ್ಲ. "ಅವನು ಅವನೇ" ಎಂದುಬಿಡು.