ಮೂವತ್ನಾಲ್ಕು ವಾರ ಎರಡು ದಿನ

ಜನವರಿ 9, ಬೆಳಿಗ್ಗೆ

130. ಮಗಳು ಮೂರು ಸಲ ಊದಿದಳು — 120, 130, 110. ದೊಡ್ಡದನ್ನು ಮಾತ್ರ ಬರೆಯಬೇಕು ಅಂತ ನರ್ಸ್ ಹೇಳಿದ್ದಾರೆ. ಬರೆದೆ. ಅಂಕಿ ನೋಟ್‌ಬುಕ್ಕಿನ ಮುಂದಿನಿಂದ, ನನ್ನ ಈ ಬರಹ ಹಿಂದಿನಿಂದ. ನಾಲ್ಕನೇ ಕ್ಲಾಸಿಗೆ ಸ್ಕೂಲ್ ಬಿಟ್ಟವಳು ಬರೆದದ್ದನ್ನು ಯಾರು ತಿರುವಿ ನೋಡುತ್ತಾರೆ.

ಉಸಿರಿನ ಬಲ ಅಳೆಯಲು ಊದುವ ಈ ಕೊಳವೆ ಮಗಳಿಗೆ ಪೀಪಿ. ಅತ್ತೆಗೆ ಅವಳೇ ಸೀಟಿ — ಉಸಿರಾಡಿದರೆ ಒಳಗೆ ಸೀಟಿ ಕೇಳುತ್ತದಲ್ಲ. ಮಾರ್ಚಿಗೆ ಆರು ತುಂಬುತ್ತೆ. ನಿಜವಾದ ಹೆಸರು ಕರೆದರೆ ತಿರುಗುವುದೇ ಇಲ್ಲ.

ಲಾಂಡ್ರಿ ಕೆಲಸಕ್ಕೆ ಹೊತ್ತಾಯಿತು.

ಜನವರಿ 12, ಮಧ್ಯಾಹ್ನ

90. ಸ್ಕೂಲಿನಿಂದ ಫೋನ್. ಇಸ್ತ್ರಿ ಆಫ್ ಮಾಡಿ ಓಡಿದೆ. ಉಬ್ಬಸದ ಪಂಪ್ ನಾಲ್ಕು ಸಲ. ಅರ್ಧ ಗಂಟೆಗೆ ಇಳಿಯಿತು. ನನಗೆ ಅಳು ಬರಲಿಲ್ಲ. ಈಚೆಗೆ ಬರುವುದಿಲ್ಲ.

ಮನೆಯಲ್ಲಿ ಅತ್ತೆ, "ಏಳು ತಿಂಗಳಿಗೇ ಹೊರಗೆ ಬಂದ್ರೆ ಇನ್ನೇನಾಗುತ್ತೆ? ಅದೇನಮ್ಮ ಅಷ್ಟು ಅವಸರ ನಿನಗೆ?" ಅಂತ ಮಗಳ ಬೆನ್ನು ನೀವಿದರು. "ಅಜ್ಜಿ ಕೈ ಒರಟು" ಅಂದಳು ಇವಳು. "ನಿನ್ನಪ್ಪನ್ನ ಸಾಕಿದ ಕೈ ಕಣೇ, ಮೆತ್ತಗೆಲ್ಲಿಂದ ಇರುತ್ತೆ!"

ಅವರ ಮಗ, ನನ್ನ ಗಂಡ, ಹಡಗಿನಲ್ಲಿ ಅಡುಗೆಯವರು. ಹೊರಟ ದಿನಕ್ಕೆ ಅತ್ತೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕುತ್ತಾರೆ, ಬಂದ ದಿನಕ್ಕೆ ಗೀಟು. ಹಳೆಯವನ್ನೂ ಎಸೆಯುವುದಿಲ್ಲ. ದಾರ ಕಟ್ಟಿ ಟ್ರಂಕಿನಲ್ಲಿಟ್ಟಿದ್ದಾರೆ. ಈಗಿನ ಸುತ್ತು ನವೆಂಬರಿನದು. ಗೀಟಿಗೆ ಇನ್ನೂ ಬಹಳ ದಿನ.

ಜನವರಿ 16, ಸಂಜೆ

ಕ್ಲಿನಿಕ್. ಡಾಕ್ಟರಮ್ಮ ಹೊಸಬರು. ಹಳೇ ಫೈಲ್ ನೋಡಿದರು. ನಾನೇ ಬರೆಸಿದ್ದು — ಏಳು ತಿಂಗಳಿಗೆ ಜನನ, ಆಪರೇಷನ್ ಹೆರಿಗೆ.

"ಏಳು ತಿಂಗಳು ಅಂದ್ರೆ ಇಪ್ಪತ್ತೆಂಟು ವಾರ. ಅಷ್ಟು ಬೇಗ ಹುಟ್ಟಿದ್ರೆ ಶ್ವಾಸಕೋಶನೇ ಸರಿಯಾಗಿ ಬೆಳೆದಿರಲ್ಲ. ಇದು ಬರೀ ಆಸ್ತಮಾ ಅಲ್ಲದೇನೂ ಇರಬಹುದು. ಮಂಪರು ಕೊಟ್ಟು ಸ್ಕ್ಯಾನ್ ಮಾಡಿಸೋಣ."

ಮಂಪರು ಅಂದದ್ದೊಂದೇ ಕೇಳಿಸಿತು. ಬಾಯಿಂದ ಬಂದುಬಿಟ್ಟಿತು —

"ಮೂವತ್ನಾಲ್ಕು ವಾರ ಎರಡು ದಿನ, ಡಾಕ್ಟ್ರೇ."

ತಲೆ ಎತ್ತಿದರು. "ದಿನದ ಲೆಕ್ಕ ಅಷ್ಟು ಸರಿಯಾಗಿ ಹೇಗೆ ಗೊತ್ತು ನಿಮಗೆ?"

ಮಗಳ ಕಾಲರ್ ಸರಿಮಾಡಿದೆ. ಪಕ್ಕದಲ್ಲಿ ಅತ್ತೆ ಇದ್ದರು. ಹೆರಿಗೆ ಕಾಗದ ಪತ್ರ ತನ್ನಿ, ಅಲ್ಲಿಯವರೆಗೆ ಸ್ಕ್ಯಾನ್ ಬೇಡ ಅಂದರು ಡಾಕ್ಟರಮ್ಮ.

ಬಸ್ಸಿನಲ್ಲಿ ಅತ್ತೆ ಕಿಟಕಿ ಕಡೆ ಕೂತರು. ಬೆರಳಿನ ಗೆಣ್ಣಿನ ಮೇಲೆ ಹೆಬ್ಬೆರಳು ಓಡುತ್ತಿತ್ತು.

ಜನವರಿ 17, ಬೆಳಿಗ್ಗೆ

120.

ಟ್ರಂಕ್ ತೆರೆದಿತ್ತು. ಮಗಳು ಹುಟ್ಟುವ ಹಿಂದಿನ ವರ್ಷದ ಕ್ಯಾಲೆಂಡರ್ ಊಟದ ಮೇಜಿನ ಮೇಲೆ. ಮೇ ಕೊನೆಗೆ ಸುತ್ತು. ಸೆಪ್ಟೆಂಬರ್ ಹತ್ತಕ್ಕೆ ಗೀಟು.

"ಮಾರ್ಚ್ ಹದಿನಾಲ್ಕಕ್ಕೆ ನೀನು ಹೆತ್ತೆ. ಅವನು ಬಂದ ಮೇಲೆ ಬಸಿರು ನಿಂತಿದ್ರೆ ಏಳು ತಿಂಗಳು ಸರಿ. ನಿನ್ನ ಲೆಕ್ಕದಲ್ಲಿ ಹಿಂದಕ್ಕೆ ಹೋದ್ರೆ ಜುಲೈ, ಇಲ್ಲ ಆಗಸ್ಟ್. ಆಗ ನನ್ನ ಮಗ ಯಾವ ಸಮುದ್ರದ ಮೇಲಿದ್ದ?"

"ಅತ್ತೆ..."

"ನಾನೇನೂ ಅಂದಿಲ್ಲ. ಕೇಳಿದೆ ಅಷ್ಟೆ."

ಸೀಟಿ ಬಂದು ಅವರ ತೊಡೆ ಹತ್ತಿದಳು. ಇಳಿಸಲಿಲ್ಲ. ಆದರೆ ಕೈಯೂ ಇಡಲಿಲ್ಲ.

ಜನವರಿ 17, ಲಾಂಡ್ರಿ, ಊಟದ ಹೊತ್ತು

ಇಲ್ಲಾದರೂ ನಿಜ ಬರೆಯುತ್ತೇನೆ. ನಾಲ್ಕು ವರ್ಷ ಮಕ್ಕಳಾಗಲಿಲ್ಲ. ಎಲ್ಲರೂ ನನ್ನನ್ನೇ ನೋಡಿದರು. ಟೆಸ್ಟಿನಲ್ಲಿ ಕೊರತೆ ನನ್ನ ಗಂಡನದ್ದು ಅಂತ ಬಂತು. ಅಮ್ಮನಿಗೆ ಗೊತ್ತಾದರೆ ನಾನು ಸತ್ತ ಹಾಗೆ ಅಂದರು. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟೆ. ಮೇ ತಿಂಗಳಲ್ಲಿ ಆಸ್ಪತ್ರೆಯವರು ನಮ್ಮಿಬ್ಬರಿಂದಲೂ ತೆಗೆದು, ಹೊರಗೆ ಕೂಡಿಸಿ, ಆದ ಭ್ರೂಣವನ್ನು ಶೀತದಲ್ಲಿ ಇಟ್ಟರು. ಅಷ್ಟರಲ್ಲಿ ಹಡಗಿನ ಕರೆ ಬಂತು. ಅವರು ಒಪ್ಪಿಗೆ ಕಾಗದಕ್ಕೆ ಸೈನ್ ಹಾಕಿ ಹೋದರು.

ಆಗಸ್ಟ್ ಐದು. ಅಕ್ಕನ ಮನೆಗೆ ಅಂತ ಸುಳ್ಳು ಹೇಳಿ ಒಬ್ಬಳೇ ಹೋಗಿ ಗರ್ಭದಲ್ಲಿ ಇಡಿಸಿಕೊಂಡೆ. ಆಸ್ಪತ್ರೆಯ ಲೆಕ್ಕ ಅದಕ್ಕೂ ಹತ್ತೊಂಬತ್ತು ದಿನ ಹಿಂದಿನಿಂದ ಶುರು. ಇಟ್ಟ ದಿನ ಗೊತ್ತಿರುವವಳಿಗೆ ವಾರ ತಪ್ಪುತ್ತದೆಯೇ. ಬೇರೆ ತಾಯಂದಿರು ಎಂಟು ತಿಂಗಳಿರಬೇಕು ಅನ್ನುತ್ತಾರೆ. ನಾನು ದಿನ ದಿನವೂ ಎಣಿಸಿದ್ದೆ. ಮನೆಯಲ್ಲಿ ಮಾತ್ರ, ಅವರು ಬಂದ ಮೇಲೆ ನಿಂತದ್ದು ಅಂತ ಏಳು ತಿಂಗಳು ಅಂದೆ.

ಆ ಚಿಕಿತ್ಸೆಯ ಫೈಲ್ ಇಲ್ಲೇ ಇದೆ. ನನ್ನ ಲಾಕರಿನಲ್ಲಿ, ಏಪ್ರನ್ ಕೆಳಗೆ.

ಜನವರಿ 20

110. ಸಂಜೆ 100.

ಅವರ ಹಡಗು ಯಾವುದೋ ಬಂದರಿಗೆ ಬಂತಂತೆ. ಫೋನ್ ಮಾಡಿದರು. ಲಾಂಡ್ರಿಯ ಹಿಂದೆ ನಿಂತು ಎಲ್ಲ ಹೇಳಿದೆ.

"ಅಮ್ಮನಿಗೆ ಈಗ ಹೇಳ್ಬೇಡ ಮಾರಾಯ್ತಿ. ನಾನು ಬಂದು ಏನಾದ್ರೂ ಹೇಳ್ತೀನಿ."

"ಯಾವಾಗ ಬರ್ತೀರಿ?"

"ಮೇನಲ್ಲಿ."

"ಅಲ್ಲೀವರೆಗೆ ಅವರು ನನ್ನನ್ನ ಏನಂದುಕೊಳ್ಳಲಿ?"

ಆ ಕಡೆ ಪಾತ್ರೆ ಸದ್ದು. "ನೀನು ಗಟ್ಟಿ ಇದ್ದೀಯ" ಅಂದರು. ಲೈನ್ ಹೋಯಿತು. ಹೋಟೆಲ್ ಹಾಸಿಗೆ ಬಟ್ಟೆ ನಲವತ್ತು ಉಳಿದಿತ್ತು. ಮುಗಿಸಿ ಬಂದೆ.

ಜನವರಿ 23, ಸಂಜೆ

ಅತ್ತೆ ಆರು ದಿನದಿಂದ ನನ್ನ ಜೊತೆ ಮಾತಿಲ್ಲ. ಆದರೂ ಕ್ಲಿನಿಕ್ಕಿಗೆ ಬಂದರು. ಡಾಕ್ಟರಮ್ಮ ಪ್ರಶ್ನೆ ಹಾಳೆ ಇಟ್ಟರು. ಹುಟ್ಟಿದಾಗ ತೂಕ. ಹೆರಿಗೆ ಹೇಗೆ. ಮನೆಯಲ್ಲಿ ಯಾರಿಗಾದರೂ ಉಬ್ಬಸ ಇದೆಯೇ. ಗರ್ಭ ತಾನಾಗಿ ನಿಂತದ್ದೋ, ಚಿಕಿತ್ಸೆಯಿಂದಲೋ.

ಬ್ಯಾಗಿನಲ್ಲಿ ಎರಡು ಫೈಲ್ — ಹೆರಿಗೆಯದು, ಲಾಕರಿನದು. ಹೆರಿಗೆಯದು ಒಂದೇ ಕೊಟ್ಟರೂ ಸ್ಕ್ಯಾನಿಗೆ ಸಾಕಿತ್ತು. ಮಗಳು ಅಜ್ಜಿಯ ಕೈ ಎತ್ತಿ ತನ್ನ ಬೆನ್ನಿನ ಮೇಲೆ ಇಟ್ಟುಕೊಂಡಳು. ಅವರು ನಿಧಾನವಾಗಿ ತೆಗೆದರು. ಅದನ್ನು ನೋಡಿದೆ. ಎರಡೂ ಕೊಟ್ಟೆ.

"ಚಿಕಿತ್ಸೆಯಿಂದ" ಅಂದೆ. "ಇವರ ಮಗಂದೇ. ಮೊದಲೇ ತೆಗೆದಿಟ್ಟಿದ್ರು. ಆಗಸ್ಟ್ ಐದಕ್ಕೆ ಇಟ್ರು."

ನನ್ನ ದನಿ ಬೇರೆ ಯಾರದೋ ಅನಿಸಿತು.

ಡಾಕ್ಟರಮ್ಮ ಓದಿದರು. ಸ್ಕ್ಯಾನ್ ಬೇಡ, ದಿನದ ಪಂಪ್ ಬದಲಿಸೋಣ ಅಂದರು.

"ಹೀಗೆ ಆಗಿದ್ದಕ್ಕೇನಾ ಅವಳಿಗೆ ಉಬ್ಬಸ?" ಬಹಳ ದಿನದಿಂದ ಕೇಳಬೇಕೆಂದಿದ್ದೆ.

"ಇಂಥ ಮಕ್ಕಳಲ್ಲಿ ಸ್ವಲ್ಪ ಜಾಸ್ತಿ ಅಂತ ಕೆಲವು ಕಡೆ ಕಂಡಿದೆ. ಬೇಗ ಹುಟ್ಟಿದವರಲ್ಲೂ ಜಾಸ್ತಿ. ಆಪರೇಷನ್ ಹೆರಿಗೆ ಬಗ್ಗೆನೂ ಹೇಳ್ತಾರೆ. ಆದ್ರೆ ಬಹಳಷ್ಟು ಮಕ್ಕಳಿಗೆ ಏನೂ ಆಗಲ್ಲ. ಇವಳಿಗೆ ಇದರಿಂದಲೇ ಬಂತು ಅಂತ ಬೆರಳು ತೋರಿಸೋಕೆ ಆಗಲ್ಲಮ್ಮ. ನೀವು ತಪ್ಪು ಮಾಡಿಲ್ಲ."

ತಲೆ ಆಡಿಸಿದೆ. ಸಮಾಧಾನ ಆಗಬೇಕಿತ್ತು. ಏನೂ ಆಗಲಿಲ್ಲ.

ಬಸ್ಸಿನಲ್ಲಿ ಅತ್ತೆ ಕೇಳಿದ್ದು ಒಂದೇ ಮಾತು. "ಅವತ್ತು ಯಾರಿದ್ರು ಜೊತೇಲಿ?"

"ಯಾರೂ ಇಲ್ಲ."

ಜನವರಿ 27, ಬೆಳಿಗ್ಗೆ

140. ಹೊಸ ಪಂಪ್ ಹಿಡಿದಿರಬೇಕು.

ಹಳೇ ಕ್ಯಾಲೆಂಡರ್ ಮತ್ತೆ ಮೇಜಿನ ಮೇಲೆ. ಆಗಸ್ಟಿನ ಹಾಳೆ. ಐದಕ್ಕೆ ಹೊಸದಾಗಿ ಒಂದು ಗುರುತು — ಸುತ್ತೂ ಅಲ್ಲ, ಗೀಟೂ ಅಲ್ಲ. ಚುಕ್ಕಿ. ಅತ್ತೆ ಸೀಟಿಯ ಬೆನ್ನು ನೀವುತ್ತಾ ಕೂತಿದ್ದರು. ಕೈಗೆ ಎಣ್ಣೆ ಹಚ್ಚಿಕೊಂಡಿದ್ದರು, ಒರಟಾಗದಿರಲಿ ಅಂತ.

ಅಷ್ಟರಲ್ಲಿ ಫೋನ್. ನಾನು ಏಳುವ ಮೊದಲೇ ಅವರು ಎತ್ತಿಕೊಂಡರು. ಚೆನ್ನಾಗಿದ್ದೀಯಾ, ಉಂಡೆಯಾ, ಯಾವುದೂ ಇಲ್ಲ.

"ಅಲ್ಲ ಕಣೋ, ಅವಳೊಬ್ಬಳನ್ನೇ ಆಸ್ಪತ್ರೆಗೆ ಕಳಿಸಿದ್ಯೇನೋ? ನಾನು ಸತ್ತಿದ್ನಾ?"

ನಾನು ಅಂಕಿ ಬರೆಯಲು ನೋಟ್‌ಬುಕ್ಕಿನ ಮುಂದಿನ ಕಡೆ ತೆರೆದೆ. 140 ಅಂತ ಬರೆಯುವಾಗ ಕಣ್ಣಿಂದ ಹನಿ ಬಿದ್ದು ಅಂಕಿ ಹರಡಿತು. ಒರೆಸಿದೆ. ಮತ್ತೆ ಬರೆದೆ. ಮತ್ತೆ —