ಗಲ್ಫಿನಿಂದ ಬಂದ ಹಪ್ಪಳ

ಸಿದ್ಧಕಟ್ಟೆ
೧೭-೮-೨೦೦೮

ಪ್ರೀತಿಯ ಹಸ್ನಾಳ ಉಪ್ಪನಿಗೆ,

ಅಸ್ಸಲಾಮು ಅಲೈಕುಂ. ನಾವೆಲ್ಲ ಕ್ಷೇಮ. ನೀವೂ ಹಾಗೆಯೇ ಇರಲೆಂದು ದುವಾ ಮಾಡುತ್ತೇನೆ. ಬರೆಯಲು ತಡವಾಯಿತು, ಬೇಸರಿಸಬೇಡಿ. ಫೋನಿನಲ್ಲಿ ನಿಮ್ಮ ರೂಮಿನವರ ಮಧ್ಯೆ ಏನೆಂದು ಮಾತಾಡುವುದು? ರಜೆ ಮುಗಿಸಿ ನಿಮ್ಮ ರೂಮಿಗೇ ಹೊರಟಿರುವ ಮೊಯಿದಿನಬ್ಬರ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ.

ನಿಮ್ಮ ಮಗಳು ಹಸ್ನಾಳಿಗೆ ಜ್ವರ ಬಿಟ್ಟಿದೆ, ಹಟ ಬಿಟ್ಟಿಲ್ಲ. ನನಗೆ ಸೊಂಟನೋವು. ಬೇಸಿಗೆಯಿಡೀ ನಾನೂ ಪಕ್ಕದ ಮನೆಯ ದಮಯಂತಿಯಕ್ಕನೂ ಹಲಸಿನ ತೊಳೆ ಬೇಯಿಸಿ, ಕಡೆದು, ಹಪ್ಪಳ ಒತ್ತಿದ್ದೇ ಒತ್ತಿದ್ದು. ಇಂಟರ್‌ನೆಟ್ಟಿನಲ್ಲಿ ಮಾರುತ್ತೇನೆಂದಾಗ ನಿಮ್ಮ ಉಮ್ಮ, "ಕಂಪ್ಯೂಟರಿನಲ್ಲಿ ಹಪ್ಪಳ ಕಾಯ್ತದಾ?" ಎಂದು ನಕ್ಕಿದ್ದರು. ಊರಿನಲ್ಲಂತೂ ಯಾರೂ ಕೊಳ್ಳುವುದಿಲ್ಲ, ಹಿತ್ತಲ ಗಿಡ ಮದ್ದಲ್ಲ. ತಂಗಿ ಸಬೀಹಾ ಮೂಡುಬಿದಿರೆ ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಸುರಿದು ಮಾಡಿಕೊಟ್ಟ ವೆಬ್‌ಸೈಟಿಗೆ ದುಬೈಯಿಂದ ಆರ್ಡರ್ ಬರತೊಡಗಿದ ಮೇಲೆ ಉಮ್ಮನೂ ನಗುವುದನ್ನು ಬಿಟ್ಟರು.

"ವ್ಯಾಪಾರ ಗಟ್ಟಿಯಾಗಲಿ, ವೀಸಾ ಕ್ಯಾನ್ಸಲ್ ಮಾಡಿ ಬಂದುಬಿಡ್ತೇನೆ" ಎಂದು ನೀವು ಹೇಳಿದಂದಿನಿಂದ ನನಗೆ ದಣಿವೇ ಗೊತ್ತಾಗುತ್ತಿರಲಿಲ್ಲ. "ಇನ್ನೆಂತ, ನಿಮ್ಮ ಯಜಮಾನರು ಬಂದು ಪ್ಯಾಕೆಟಿಗೆ ಅಂಟು ಹಾಕ್ತಾರೆ" ಎಂದು ದಮಯಂತಿಯಕ್ಕ ಕೀಟಲೆ ಮಾಡುತ್ತಿದ್ದರು.

ಕಳೆದ ತಿಂಗಳು ಮೊಯಿದಿನಬ್ಬರು ಬಂದು ಪೆಟ್ಟಿಗೆ ಬಿಚ್ಚಿದರಲ್ಲ, ರೂಢಿಯಂತೆ ಅವರ ಹೆಂಡತಿ ಬೀಫಾತಿಮಾ ನೆರೆಮನೆಗಳಿಗೆಲ್ಲ ಪಾಲು ಹಂಚಿದರು. ನಮಗೆ ಬಂದದ್ದು ಸಾಬೂನು, ಒಂದಿಷ್ಟು ಖರ್ಜೂರ, ಮತ್ತೆ ಒಂದು ಪ್ಯಾಕೆಟ್ ಹಪ್ಪಳ. "ಗಲ್ಫಿನದ್ದು, ರುಚಿ ನೋಡು" ಎಂದರು. ಪಾಪ, ಅವರಿಗೆ ಓದಲು ಬರುವುದಿಲ್ಲ. ಪ್ಯಾಕೆಟಿನ ಮೇಲೆ ಇದ್ದದ್ದು ನನ್ನದೇ ಹೆಸರು. ನನಗೆ ಮೊದಲು ನಗುವೇ ಬಂತು.

ಮೊಯಿದಿನಬ್ಬರನ್ನು ಕೇಳಿದರೆ ತಲೆ ತುರಿಸಿಕೊಂಡರು. "ಎಂತ ಮಾಡುವುದು ಜುಲೈಕಾ, ಅಲ್ಲಿ ಮಂಚದ ಅಡಿಯಲ್ಲೆಲ್ಲ ಇದೇ ಉಂಟು. ನಿನ್ನ ಗಂಡ ಅವರಿವರ ಹೆಸರು, ವಿಳಾಸ ಕೊಟ್ಟು ತರಿಸುವುದಲ್ವಾ. ತಿಂದು ಮುಗಿಯುವುದಿಲ್ಲ. ಪೆಟ್ಟಿಗೆಯಲ್ಲಿ ಜಾಗ ಇತ್ತು, ತುಂಬಿಸಿಕೊಂಡು ಬಂದೆ" ಎಂದರು.

ಅಂದೇ ಅದನ್ನು ಕಾಯಿಸಿದೆ. ಹಸ್ನಾ ಅಷ್ಟನ್ನೂ ತಿಂದಳು. ನಿಮ್ಮ ಉಮ್ಮನಿಗೆ ಏನೂ ಹೇಳಿಲ್ಲ. ವೆಬ್‌ಸೈಟ್ ಮುಚ್ಚಿಬಿಡೆಂದು ಸಬೀಹಾಗೆ ಹೇಳಿದ್ದೇನೆ. ಯಾಕೆಂದು ಕೇಳಿದಳು, ಸೊಂಟನೋವು ಎಂದೆ. ಸುಳ್ಳೇನೂ ಅಲ್ಲ, ತುಂಬ ಸುಸ್ತಾಗಿದೆ.

ಬಿಸಿಲಿನಲ್ಲಿ ಜಾಗ್ರತೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅಲ್ಲಾಹು ನಿಮ್ಮನ್ನು ಆರೋಗ್ಯದಿಂದ ಇಡಲಿ.

ಇಂತಿ,
ಹಸ್ನಾಳ ಉಮ್ಮ
ಜುಲೈಕಾ

ಮರೆತ ಮಾತು: ನೀವು ಹಪ್ಪಳ ಕೊಂಡದ್ದಕ್ಕೆ ನನಗೆ ಸಿಟ್ಟಿಲ್ಲ. ನನ್ನ ಮನಸ್ಸು ಮುರಿಯಬಾರದೆಂದು ಮಾಡಿದಿರಿ, ಗೊತ್ತು. ಆದರೆ ಒಂದೊಂದು ಆರ್ಡರ್ ಬಂದಾಗಲೂ ನಾನು ಹಸ್ನಾಳನ್ನು ಕರೆದು, "ನೋಡು, ಉಪ್ಪ ಬರುವ ದಿನ ಹತ್ತಿರವಾಯಿತು" ಎನ್ನುತ್ತಿದ್ದೆ. ವ್ಯಾಪಾರವೇ ಇಲ್ಲವೆಂದು ಮೊದಲ ದಿನದಿಂದ ತಿಳಿದಿದ್ದವರು ನೀವೊಬ್ಬರೇ. ಊರಿಗೆ ಬರುವುದಿಲ್ಲ ಎಂಬುದೂ ನಿಮಗೆ ತಿಳಿದಿತ್ತಲ್ಲ? ನನಗೆ ಹೇಳಬೇಕಾಗಿಲ್ಲ, ಅರ್ಥವಾಯಿತು. ಅವಳಿಗೆ ಮಾತ್ರ ನೀವೇ ಫೋನ್ ಮಾಡಿ ಹೇಳಿ. ನನ್ನಿಂದ ಆಗುವುದಿಲ್ಲ.