ಹೆದರಿಸಿದ ಮರಕ್ಕೆ ಸಂಕ

ಹೊಸನಗರ
೪ ಆಗಸ್ಟ್ ೨೦೨೫, ಸೋಮವಾರ

ಮೊಮ್ಮಗಳು ಶ್ರಾವ್ಯಾಳಿಗೆ,

ಏನೇ, ತೀರ್ಥಹಳ್ಳಿಯಂಥ ಪೇಟೆಯಲ್ಲಿ ಒಂದು ಪೆನ್ನು ಸಿಗುವುದಿಲ್ಲವೇ? ಜೂನ್‌ನಲ್ಲಿ ಕಾಗದ ಹಾಕಿದೆ, ಉತ್ತರವಿಲ್ಲ. ಹಾಸ್ಟೆಲಿನಲ್ಲಿ ಮೊಬೈಲ್ ಇಟ್ಟುಕೊಳ್ಳಬಾರದು, ಸರಿ. ನಿನ್ನ ಅಪ್ಪ ವಾರ್ಡನ್ ಫೋನಿಗೆ ಮಾಡಿದರೂ "ಓದ್ತಾ ಇದೀನಿ, ಆಮೇಲೆ" ಎಂದು ಹೇಳಿ ಕಳಿಸುತ್ತೀಯಂತೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಕನ್ನಡಕ ಹುಡುಕಿ, ಆಮೇಲೆ ಅಕ್ಷರ ಹುಡುಕಿ ಬರೆಯುತ್ತೇನೆ. ಪಿಯುಸಿ ಸೈನ್ಸ್ ಓದುವ ನಿನಗೆ ನಾಲ್ಕು ಗೆರೆ ಭಾರ! ಹೋಗಲಿ, ಜುಲೈ ಪೂರ್ತಿ ಬರೆಯದೆ ಹೋದ ತಪ್ಪು ನನ್ನದೂ ಇದೆ. ಬರೆಯಲು ಕೂತಾಗೆಲ್ಲ ಹಿತ್ತಿಲ ಅಪ್ಪೆಮಿಡಿ ಮಾವಿನ ಮರ ಕಣ್ಣೆದುರು ನಿಲ್ಲುತ್ತಿತ್ತು.

ನಿನ್ನ ಅಪ್ಪ ಪೂರ್ಣೇಶ ಜುಲೈ ಕೊನೇ ಭಾನುವಾರ ನಿನ್ನನ್ನು ನೋಡಿ ಬಂದವನು ಕೈಯಲ್ಲಿದ್ದ ಚೀಲ ಇಳಿಸದೆಯೇ, "ಅವ್ವ, ಹಾಕಿದ್ದನ್ನ ಹಾಗೇ ತಟ್ಟೇಲಿ ಬಿಟ್ಟು ಏಳ್ತಾಳಂತೆ. ಮುಖ ಹಳದಿಯಾಗಿದೆ" ಅಂದ. ಅವತ್ತಿನಿಂದ ನನಗೂ ಅನ್ನ ಸೇರುತ್ತಿಲ್ಲ. ಅದಿರಲಿ, ಮೊದಲು ಮರದ ಸುದ್ದಿ ಕೇಳು.

ನೀನು ಎಸ್ಸೆಸ್ಸೆಲ್ಸಿಯಲ್ಲಿದ್ದ ವರ್ಷ ದೀಪಾವಳಿ ಕಳೆದ ಮೇಲೆ ಆ ಮರವನ್ನು ಹೆದರಿಸಿದ್ದು ನೆನಪಿದೆಯಲ್ಲ? ಎರಡು ವರ್ಷದಿಂದ ಒಂದು ಮಿಡಿ ಬಿಟ್ಟಿರಲಿಲ್ಲ. ಕಾಯಿ ಬಿಡದ ಮರಕ್ಕೆ ನಮ್ಮಲ್ಲಿ ಮಾಡುವುದೇ ಹಾಗೆ: ಒಬ್ಬರು ಕತ್ತಿ ಹಿಡಿದು ಬೈಯಬೇಕು, ಇನ್ನೊಬ್ಬರು ಅಡ್ಡ ಬಂದು ಮರದ ಪರ ಬೇಡಿಕೊಳ್ಳಬೇಕು. "ಈ ಸಲ ಬಿಡ್ತೀಯೋ, ಕಡಿದು ಒಲೆಗೆ ಹಾಕ್ಲೋ?" ಎಂದು ನಾನು ಕತ್ತಿ ಎತ್ತಿದೆ. ನೀನು ಯೂನಿಫಾರಂನಲ್ಲೇ ಓಡಿಬಂದು ಮರ ತಬ್ಬಿಕೊಂಡು, "ಬೇಡ ಅಜ್ಜಿ, ಬಿಡತ್ತೆ, ನಾನು ಅದಕ್ಕೆ ಹೇಳ್ತೀನಿ" ಅಂದೆ. ಪದ್ಧತಿಗೆ ತೊಗಟೆಯ ಮೇಲೆ ಕತ್ತಿಯ ಮೂರು ಕಚ್ಚು ಸಾಕು. ನನ್ನ ರೋಷಕ್ಕೆ ಸಾಕಾಗಲಿಲ್ಲ. ನೀನು ಒಳಗೆ ಹೋದ ಮೇಲೆ, ಬುದ್ಧಿ ಕಲಿಯಲಿ ಎಂದು, ಬುಡದ ಸುತ್ತ ನಾಲ್ಕು ಬೆರಳಗಲ ತೊಗಟೆ ಸುಲಿದು ಬಿಳಿ ಕಾಣುವ ತನಕ ಕೆರೆದೆ.

ಮುಂದಿನ ಬೇಸಿಗೆಗೆ ಕೊಂಬೆ ಬಾಗುವಷ್ಟು ಮಿಡಿ! ನಾಲ್ಕು ಭರಣಿ ಉಪ್ಪಿನಕಾಯಿ ಹಾಕಿ ಮಿಕ್ಕದ್ದನ್ನು ಊರಿಗೆ ಹಂಚಿದೆ. "ಹೂವಮ್ಮನ ಬಾಯಿಗೆ ಮರವೂ ಹೆದರತ್ತೆ" ಎಂದರು. ನಾನೂ ಹಿಗ್ಗಿದೆ. ಈ ವರ್ಷ ಒಂದು ಹೂವಿಲ್ಲ. ಎಲೆ ಮಂಕಾಯಿತು, ತುದಿಯಿಂದ ಒಣಗುತ್ತಾ ಬಂತು. ಸಗಣಿ ಗೊಬ್ಬರ ಹಾಕಿದೆ, ಬೂದಿ ಹಾಕಿದೆ, ಬೈದೂ ನೋಡಿದೆ. ಕಡೆಗೆ ಹುಂಚದಿಂದ ಕಸಿ ಕಟ್ಟುವ ಕನ್ನಪ್ಪನನ್ನು ಕರೆಸಿದೆ. ಅವನು ಮರದ ಸುತ್ತ ಒಂದು ಬಳಸು ಬಂದು, ನಾನು ಸುಲಿದ ಜಾಗಕ್ಕೆ ಬೆರಳಿಟ್ಟ.

"ಅಮ್ಮಾ, ಬೇರು ಉಪವಾಸ ಬಿದ್ದಿದೆ."

"ಕಾಲ ಬುಡದಲ್ಲೇ ನೀರು, ಗೊಬ್ಬರ ಇದೆ. ಉಪವಾಸ ಹೆಂಗೋ ಬೀಳತ್ತೆ?"

"ಮಣ್ಣಿಂದ ಬರೋದು ನೀರು, ಒಂಚೂರು ಉಪ್ಪು. ಅಡುಗೆ ಮಾಡೋದು ಎಲೆ. ಬೇರಿಗೂ ಅದೇ ಬಡಿಸ್ಬೇಕು."

"ಎಲೆಗೆ ಒಲೆ ಎಲ್ಲಿದೆ?"

ಅವನು ಮೋಡದ ಕಡೆ ಗದ್ದ ಎತ್ತಿದ. ಸೂರ್ಯ ಅದರ ಹಿಂದೆ ಇದ್ದಾನಂತೆ!

ಕನ್ನಪ್ಪ ಹೇಳಿದ ಎಂದ ಮಾತ್ರಕ್ಕೆ ನಂಬುವವಳು ನಾನಲ್ಲ. ಟ್ರಂಕಿನಲ್ಲಿದ್ದ ನಿನ್ನ ಹತ್ತನೇ ಕ್ಲಾಸಿನ ವಿಜ್ಞಾನದ ಪುಸ್ತಕ ತೆಗೆದೆ. ಆ ಅಡುಗೆಗೆ ಅವರಿಟ್ಟ ಹೆಸರು ಹೇಳಲು ಹೋಗಿ ನನ್ನ ಕಟ್ಟಿಸಿದ ಹಲ್ಲು ಕಳಚಿತು. ಆದರೆ ವಿಷಯ ಎಷ್ಟು ಚಂದ! ಗಾಳಿಯಲ್ಲಿರುವುದನ್ನು ಎಲೆ ಸಣ್ಣ ಸಣ್ಣ ತೂತಿನಿಂದ ಒಳಗೆ ಎಳೆದು, ನೀರಿನ ಜೊತೆ ಸೇರಿಸಿ, ಬಿಸಿಲಿನ ಬಲದಲ್ಲಿ ಸಕ್ಕರೆ ಮಾಡುತ್ತದಂತೆ. ಗಾಳಿಯಿಂದ ಸಕ್ಕರೆ! ಅರವತ್ತು ವರ್ಷ ಹೊಗೆ ಕುಡಿದು ಅಡುಗೆ ಮಾಡಿದ ನನಗೆ ಇದನ್ನು ಯಾರೂ ಹೇಳಲಿಲ್ಲ.

ನೀರು ಹತ್ತುವುದನ್ನೂ ಪರೀಕ್ಷೆ ಮಾಡಿದೆ. ಕರ್ಣಕುಂಡಲದ ಗಿಡ ಕಿತ್ತು, ಬೇರು ತೊಳೆದು, ಕೆಂಪು ಶಾಯಿ ಬೆರೆಸಿದ ನೀರಲ್ಲಿ ನಿಲ್ಲಿಸಿದೆ. ಮೊದಲು ಕುಂಕುಮ ಕದಡಿದ್ದೆ, ಅದು ತಳಕ್ಕೆ ಕೂತಿತು. ಶಾಯಿಯಾದರೆ ಸಂಜೆಯೊಳಗೆ ದಂಟಿನ ಒಳಗೆ ಕೆಂಪು ಗೆರೆ ಗೆರೆಯಾಗಿ ಏರಿತು. ಇನ್ನೊಂದು ದಿನ ಮಳೆ ಬಿಟ್ಟು ಹೊಳವಾದಾಗ ಪೇರಳೆ ಗಿಡದ ಒಂದು ರೆಂಬೆಯನ್ನು ಒರೆಸಿ, ಎಲೆ ಸಮೇತ ಪ್ಲಾಸ್ಟಿಕ್ ಕೊಟ್ಟೆಯೊಳಗೆ ತೂರಿಸಿ ಬಾಯಿ ಕಟ್ಟಿದೆ. ಮಧ್ಯಾಹ್ನಕ್ಕೆ ಕೊಟ್ಟೆಯೊಳಗೆ ಹನಿ ಹನಿ ನೀರು. ಎಲೆ ಮೇಲೆ ಆವಿ ಬಿಟ್ಟ ಹಾಗೆ ಕೆಳಗಿಂದ ನೀರು ಎಳೆದುಕೊಳ್ಳುತ್ತದೆ. ನಮ್ಮ ಬಾವಿಯ ಪಂಪಿನ ಹಾಗೆ ವಾರಕ್ಕೊಮ್ಮೆ ಕೆಡುವುದಿಲ್ಲ.

ಈಗ ನನ್ನ ತಪ್ಪು ತಿಳಿಯಿತಲ್ಲ? ನೀರು ಹತ್ತುವುದು ತೊಗಟೆಯ ಒಳಗಿನ ಗಟ್ಟಿ ಮರದಲ್ಲಿ. ಅದನ್ನು ನಾನು ಮುಟ್ಟಿರಲಿಲ್ಲ, ಅದಕ್ಕೇ ಮೊದಲ ವರ್ಷ ಎಲೆ ಹಸಿರಾಗೇ ಇದ್ದು ನನ್ನನ್ನು ನಂಬಿಸಿತು. ಊಟ ಇಳಿಯುವುದು ತೊಗಟೆಯಲ್ಲಿ. ಅದನ್ನು ಸುಲಿದೆ. ಇಳಿಯಲಾರದ ಸಕ್ಕರೆಯೆಲ್ಲ ಮೇಲೇ ನಿಂತು ಕಾಯಾಯಿತು. ಮೇಲೆ ಮದುವೆ ಊಟ, ಕೆಳಗೆ ಉಪವಾಸ. ಅದು ನನ್ನ ಬಾಯಿಗೆ ಹೆದರಿ ಬಿಟ್ಟ ಫಸಲಲ್ಲ. ಒಂದು ಮಾತ್ರ ಪುಸ್ತಕದಲ್ಲಿ ಸಿಗಲಿಲ್ಲ, ನೀನು ಹೇಳಬೇಕು: ಇಷ್ಟು ದಿನ ಬೇರು ಏನು ತಿಂದು ಬದುಕಿತು? ಹಿಂದೆ ಕೂಡಿಟ್ಟದ್ದನ್ನೇ? ಅದು ಎಷ್ಟು ದಿನಕ್ಕೆ ಬರುತ್ತದೆ?

ಕನ್ನಪ್ಪ ಉಪಾಯ ಮಾಡಿದ್ದಾನೆ. ಅದೇ ಮರದ ನಾಲ್ಕು ಎಳೆ ಕಡ್ಡಿ ಕೊಯ್ದು, ಗಾಯದ ಮೇಲಿನ ತೊಗಟೆಗೆ ಒಂದು ತುದಿ, ಕೆಳಗಿನ ತೊಗಟೆಗೆ ಇನ್ನೊಂದು ತುದಿ ಸಿಕ್ಕಿಸಿ ಬಿಗಿದ. "ಹಳ್ಳ ದಾಟೋಕೆ ಸಂಕ ಹಾಕಿದ ಹಾಗೆ. ಹಿಡಿದ್ರೆ ಊಟ ದಾಟತ್ತೆ" ಅಂದ. "ಹಿಡೀದಿದ್ರೆ?" ಅಂದೆ. "ಬೈಬೇಡಿ ಅಷ್ಟೆ" ಅಂದ, ಬಡ್ಡಿಮಗ. ಮೂರು ವಾರವಾಯಿತು. ಎರಡು ಕಡ್ಡಿ ಹಸಿರಾಗಿವೆ, ಒಂದು ಕಪ್ಪಾಯಿತು, ಇನ್ನೊಂದು ಇನ್ನೂ ಯೋಚನೆ ಮಾಡುತ್ತಿದೆ. ದಿನಾ ಹೋಗಿ ನೋಡುತ್ತೇನೆ, ಬಾಯಿ ಮುಚ್ಚಿಕೊಂಡು.

ಪೂರ್ಣೇಶನ ಕೈಲಿ ಕೋಡುಬಳೆ ಕಳಿಸುತ್ತೇನೆ, ರೂಮಿನವರಿಗೆಲ್ಲ ಹಂಚಿ ಕೈ ತೊಳೆದುಕೊಳ್ಳಬೇಡ, ನೀನೂ ತಿನ್ನು. ತುಂಗೆ ನಿನ್ನನ್ನು ತಂಪಾಗಿ ಇಟ್ಟಿರಲಿ, ನೂರು ಕಾಲ ಬಾಳು.

ನಿನ್ನ ಅಜ್ಜಿ,
ಹೂವಮ್ಮ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು: ಅದೇ ವರ್ಷ ನಿನ್ನ ಪ್ರಿಪರೇಟರಿ ಅಂಕ ನೋಡಿ ನಿನಗೂ ಹೇಳಿದ್ದೆ, "ತೊಂಬತ್ತು ದಾಟದಿದ್ರೆ ಓದು ಬಿಡಿಸಿ ಮನೇಲಿ ಕೂರಿಸ್ತೀನಿ" ಎಂದು. ನೀನು ತೊಂಬತ್ತಾರು ತಂದೆ. ಮಿಡಿ ಹಂಚಿದ ಹಾಗೆ ಅದನ್ನೂ ಊರಿಗೆಲ್ಲ ಹಂಚಿದೆ; ನೀನು ಆಗಿನಿಂದಲೇ ತಟ್ಟೆ ಬಿಟ್ಟು ಏಳುತ್ತಿದ್ದದ್ದನ್ನು ನೋಡಲಿಲ್ಲ. ಮರಕ್ಕೆ ಅಡ್ಡ ಬರಲು ನೀನಿದ್ದೆ. ನಿನಗೆ ಅಡ್ಡ ಬರಲು ಪೂರ್ಣೇಶ ಬಾಯಿ ತೆರೆದ, ನಾನೇ ಮುಚ್ಚಿಸಿದೆ. ಅವತ್ತು ಯಾರೂ ಹೇಳದೆ ಹೋದ ಮಾತನ್ನು ಇವತ್ತು ನಾನೇ ಹೇಳುತ್ತೇನೆ: ಬೇಡ ಹೂವಮ್ಮ, ಕತ್ತಿ ಕೆಳಗಿಡು, ಅದು ಮಗು. ಅಂಕ ಎಷ್ಟಾದರೂ ಬರಲಿ, ಬಾರದೆ ಹೋಗಲಿ, ನಿನ್ನ ಓದಿಗೆ ಯಾರೂ ಕೈ ಹಾಕುವುದಿಲ್ಲ. ಊಟ ಮಾಡು. ಮಾಡಿದ ಮೇಲೆ ಏನು ಉಂಡೆ ಎಂದು ಬರೆದು, ಸೆಪ್ಟೆಂಬರ್ ಹುಟ್ಟುವುದರೊಳಗೆ ಕಾಗದ ನನ್ನ ಕೈ ಸೇರುವ ಹಾಗೆ ಹಾಕು.